ಹಿತ್ತಲ ಗಿಡವೂ ಮದ್ದೇ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿಯೇ ಬೆಳೆದವರು. ಸುಲಭವಾಗಿ ಕೈಗೆ ಸಿಗುವುದಕ್ಕೆ ಬೆಲೆ ಕೊಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಆರೋಗ್ಯದ ದೃಷ್ಟಿಯಿಂದ ಈ ಮಾತಿಗೆ ಎರಡು ಮುಖಗಳಿವೆ. ಮನೆಯ ಹಿಂದೆ ಎರಡು ಮಡಿ ಸೊಪ್ಪು, ಒಂದು ನುಗ್ಗೆ, ಒಂದು ಸೀಬೆ, ಒಂದು ನಿಂಬೆ ಇದ್ದರೆ ಆ ಮನೆಯವರನ್ನು ಹಲವು ಬಗೆಯ ಕೊರತೆಗಳಿಂದ ಕಾಪಾಡಬಹುದು. ಆದರೆ ಕೊರತೆಯು ಆಗಲೇ ರೋಗವಾಗಿ ಬೆಳೆದಿದ್ದರೆ ಹಿತ್ತಲ ಗಿಡವನ್ನೇ ನಂಬಿ ಕುಳಿತುಕೊಳ್ಳುವುದು ಅಪಾಯಕರ. ಈ ಎರಡನ್ನೂ ತಿಳಿದುಕೊಂಡವರಿಗೆ ಮಾತ್ರ ಕೈತೋಟದ ಪೂರ್ಣ ಲಾಭ ದೊರೆಯುತ್ತದೆ.

ಯುಗಾದಿಯ ಆಸುಪಾಸಿನ ಈ ದಿನಗಳು ಕೈತೋಟದ ವಿಚಾರ ಮಾಡಲು ತಕ್ಕ ಸಮಯ. ಬೇಸಿಗೆ ಏರಿದಂತೆ ಪೇಟೆಯ ಸೊಪ್ಪು ಬಾಡುತ್ತದೆ, ಬೆಲೆಯೂ ಏರುತ್ತದೆ. ಆಗ ಮೊದಲು ತಟ್ಟೆಯಿಂದ ಮರೆಯಾಗುವುದು ಸೊಪ್ಪೇ. ನೀರಿನ ಅನುಕೂಲವಿರುವವರು ಈಗ ಹರಿವೆ ಬಿತ್ತಿದರೆ ಒಂದು ತಿಂಗಳೊಳಗೆ ಕೊಯ್ಲು ಮಾಡಬಹುದು.

ರಕ್ತಹೀನತೆ ಎಂಬ ಮೌನರೋಗ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 67. ಅಂದರೆ ಸಾಲಾಗಿ ನಿಂತ ಮೂರು ಮಕ್ಕಳಲ್ಲಿ ಇಬ್ಬರಿಗೆ ರಕ್ತ ಕಡಿಮೆ. ಇದು ಬಡವರ ಮನೆಗೆ ಮಾತ್ರ ಸೀಮಿತವಾದ ತೊಂದರೆಯಲ್ಲ. ಉಂಡುಟ್ಟು ನೆಮ್ಮದಿಯಾಗಿರುವ ಮನೆಗಳಲ್ಲೂ ಇದು ಸಾಮಾನ್ಯ.

ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಹೊತ್ತಿಗೇ ಸುಸ್ತು, ತಲೆಸುತ್ತು, ಎದೆಬಡಿತ, ಉಗುರು ಮತ್ತು ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುವುದು, ಮಕ್ಕಳಲ್ಲಿ ಓದಿನ ಕಡೆ ಗಮನವಿಲ್ಲದಿರುವುದು, ಮಣ್ಣು ಬಳಪ ತಿನ್ನುವ ಚಪಲ - ಇವು ಇದರ ಲಕ್ಷಣಗಳು. ‘ಮನೆಗೆಲಸದ ಆಯಾಸ’ ಎಂದು ಗೃಹಿಣಿಯರು ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಮಹಿಳೆಯರಲ್ಲಿ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ ಸಾಮಾನ್ಯವಾಗಿ 11 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಬಹುಪಾಲು ಪ್ರಕರಣಗಳಿಗೆ ಕಬ್ಬಿಣಾಂಶದ ಕೊರತೆಯೇ ಕಾರಣ. ಫೋಲಿಕ್ ಆಮ್ಲ ಹಾಗೂ ಬಿ-12 ಜೀವಸತ್ವಗಳ ಕೊರತೆಯೂ ಜೊತೆಗೂಡಬಹುದು.

ಯಾವುದನ್ನು ಬೆಳೆಯಬೇಕು?

ನಾಲ್ಕೈದು ಗಂಟೆ ಬಿಸಿಲು ಬೀಳುವ, ಮೂರು ಅಡಿ ಅಗಲ ಆರು ಅಡಿ ಉದ್ದದ ಒಂದು ಮಡಿ ಸಾಕು. ಅಂಗಳವಿಲ್ಲದವರು ತಾರಸಿಯ ಮೇಲೆ ಕುಂಡ, ತಳಕ್ಕೆ ತೂತು ಮಾಡಿದ ಹಳೆಯ ಬಕೆಟ್ ಅಥವಾ ಚೀಲ ಬಳಸಬಹುದು. ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಿ. ಹಸಿ ಸಗಣಿ ಬೇಡ.

ಹರಿವೆ ಮತ್ತು ದಂಟು: ಬೀಜ ಸಾಸಿವೆಗಿಂತಲೂ ಸಣ್ಣದು, ಮರಳಿನೊಡನೆ ಬೆರೆಸಿ ಎರಚಿದರೆ ಹದವಾಗಿ ಬೀಳುತ್ತದೆ. 25ರಿಂದ 30 ದಿನಗಳಲ್ಲಿ ಮೊದಲ ಕೊಯ್ಲು. ಬೇರುಸಹಿತ ಕೀಳದೆ ಮೇಲಿನಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಹೀಗೆ ಹಲವು ಬಾರಿ ಕೊಯ್ಯಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಅರ್ಕಾ ಸುಗುಣ’ ಎಂಬ ತಳಿಯನ್ನು ಹೊರತಂದಿದೆ. ಇಡೀ ಮಡಿಗೆ ಒಮ್ಮೆಗೇ ಬಿತ್ತಬೇಡಿ. ಮೂರು ಭಾಗ ಮಾಡಿ ಹತ್ತು ದಿನಗಳ ಅಂತರದಲ್ಲಿ ಬಿತ್ತಿದರೆ ಸೊಪ್ಪು ಸತತವಾಗಿ ಸಿಗುತ್ತದೆ. ಬೇಸಿಗೆಯಲ್ಲಿ ಮಡಿಯ ಮೇಲೆ ಒಣಗಿದ ಎಲೆ ಹರಡಿದರೆ ತೇವ ಉಳಿಯುತ್ತದೆ.

ಬಸಳೆ ಮತ್ತು ನುಗ್ಗೆ: ಎರಡಕ್ಕೂ ಬೀಜ ಬೇಕಿಲ್ಲ. ನೆರೆಮನೆಯಿಂದ ಬಸಳೆಯ ಬಳ್ಳಿ ತುಂಡು, ನುಗ್ಗೆಯ ಬಲಿತ ಕೊಂಬೆ ತಂದು ನೆಟ್ಟರಾಯಿತು. ನುಗ್ಗೆಯ ಕಾಯಿಗಿಂತ ಸೊಪ್ಪಿನಲ್ಲಿಯೇ ಸತ್ವ ಹೆಚ್ಚು.

ಬೆಂಡೆ, ಹೀರೆ, ಸೌತೆ, ಗೋರಿಕಾಯಿ: ಬೇಸಿಗೆಯ ಬಿಸಿಲನ್ನು ತಡೆಯುವ ತರಕಾರಿಗಳಿವು. ಬೆಂಡೆ ಏಳೆಂಟು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ.

ಹಣ್ಣಿನ ಗಿಡ: ಪರಂಗಿ ಒಂದು ವರ್ಷದೊಳಗೆ, ಕಸಿ ಮಾಡಿದ ಸೀಬೆ ಎರಡು ಮೂರು ವರ್ಷಗಳಲ್ಲಿ ಫಲ ಕೊಡುತ್ತವೆ. ಈ ಗಿಡಗಳಿಗೆ ಈಗ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ನೆಡುವುದು ಮೇಲು.

ಪಾತ್ರೆ, ತರಕಾರಿ ತೊಳೆದ ನೀರಿನಲ್ಲಿ ಸಾಬೂನಿಲ್ಲದಿದ್ದರೆ ಗಿಡಕ್ಕೆ ಹಾಕಬಹುದು. ಚರಂಡಿ ನೀರನ್ನು ಮಾತ್ರ ಎಂದೂ ಬಳಸಬಾರದು; ಜಂತುಹುಳುವಿನ ಮೊಟ್ಟೆ, ಟೈಫಾಯ್ಡ್ ಮತ್ತು ಆಮಶಂಕೆಯ ರೋಗಾಣುಗಳು ಸೊಪ್ಪಿನ ಮೂಲಕ ಮನೆಯೊಳಗೆ ಬರುತ್ತವೆ.

ಬೆಳೆದದ್ದು ಮೈಗೆ ಹತ್ತಬೇಕಾದರೆ

ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೆ ‘ಸಿ’ ಜೀವಸತ್ವದ ಸಹಾಯ ಬೇಕು. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿರಿ; ಕುದಿಯುವಾಗ ಹಿಂಡಿದರೆ ‘ಸಿ’ ಜೀವಸತ್ವ ಶಾಖಕ್ಕೆ ನಾಶವಾಗುತ್ತದೆ. ಊಟದ ಜೊತೆ ಸೀಬೆಹಣ್ಣು ತಿಂದರೂ ಆಯಿತು. ನೂರು ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಜೀವಸತ್ವವಿದ್ದು, ಅದು ದೊಡ್ಡವರ ದಿನದ ಅಗತ್ಯಕ್ಕಿಂತ ಹೆಚ್ಚೇ.

ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುವುದು ಊಟವಾದ ಕೂಡಲೇ ಕುಡಿಯುವ ಕಾಫಿ, ಚಹಾ. ಅವುಗಳಲ್ಲಿನ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರದಂತೆ ಮಾಡುತ್ತದೆ. ಊಟಕ್ಕೂ ಕಾಫಿಗೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ.

ಸೊಪ್ಪನ್ನು ಮೊದಲು ತೊಳೆದು ಅನಂತರ ಹೆಚ್ಚಿರಿ. ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಸತ್ವಗಳು ಹರಿದುಹೋಗುತ್ತವೆ. ಬೇಯಿಸಿದ ನೀರನ್ನು ಚೆಲ್ಲದಿರಿ. ಸೊಪ್ಪು ಬಸಿದ ಕಟ್ಟಿನಿಂದ ಬಸ್ಸಾರು ಮಾಡುವ ನಮ್ಮ ಹಳ್ಳಿಯ ಕ್ರಮ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ಹಸಿರು ಸೊಪ್ಪಿನಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ಅಂಶವೂ ಇದೆ. ಮಕ್ಕಳನ್ನು ಇರುಳುಗುರುಡಿನಿಂದ ಕಾಪಾಡುವುದು ಇದೇ. ಅದು ಮೈಗೆ ಸೇರಲು ಸ್ವಲ್ಪ ಜಿಡ್ಡು ಬೇಕು. ಆದ್ದರಿಂದ ಎಣ್ಣೆಯ ಒಗ್ಗರಣೆಗೆ ಹೆದರಬೇಕಾಗಿಲ್ಲ. ಒಂದು ಚಮಚ ಸಾಕು.

ಮಾತ್ರೆಯ ಸ್ಥಾನ ಮಾತ್ರೆಗೆ

ಇಲ್ಲಿ ಗಾದೆಯ ಇನ್ನೊಂದು ಮುಖಕ್ಕೆ ಬರೋಣ. ಏಳು ತಿಂಗಳ ಗರ್ಭಿಣಿಯೊಬ್ಬರನ್ನು ಅವರ ಅತ್ತೆ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಕಾಲು ಊದಿತ್ತು, ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು. ಹಿಮೋಗ್ಲೋಬಿನ್ 7 ಗ್ರಾಂ ಕೂಡ ಇರಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗಳು ಮನೆಯಲ್ಲಿ ಹಾಗೆಯೇ ಇದ್ದವು. ‘ಮಾತ್ರೆ ಉಷ್ಣ ಡಾಕ್ಟ್ರೇ, ಮಲ ಕಪ್ಪಗೆ ಹೋಗತ್ತೆ. ನಮ್ಮ ಹಿತ್ತಲಲ್ಲೇ ನುಗ್ಗೆಸೊಪ್ಪು ಇದೆಯಲ್ಲ, ಅದನ್ನೇ ದಿನಾ ಕೊಡ್ತಿದೀನಿ’ ಎಂದರು ಆ ತಾಯಿ. ಅವರ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ, ಲೆಕ್ಕದಲ್ಲಿತ್ತು.

ಆ ಲೆಕ್ಕವನ್ನು ನೀವೂ ನೋಡಿ. ನೂರು ಗ್ರಾಂ ನುಗ್ಗೆ ಅಥವಾ ಹರಿವೆ ಸೊಪ್ಪಿನಲ್ಲಿರುವ ಕಬ್ಬಿಣಾಂಶ ಸುಮಾರು 4ರಿಂದ 5 ಮಿಲಿಗ್ರಾಂ. ಅದರಲ್ಲಿ ರಕ್ತಕ್ಕೆ ಸೇರುವುದು ಒಂದು ಸಣ್ಣ ಪಾಲು ಮಾತ್ರ. ಗರ್ಭಿಣಿಯರಿಗೆ ಸರ್ಕಾರದಿಂದ ಉಚಿತವಾಗಿ ಕೊಡುವ ಒಂದು ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ, ಜೊತೆಗೆ ಫೋಲಿಕ್ ಆಮ್ಲ. ಮಗು ಬೆಳೆಯುವ ವೇಗಕ್ಕೆ ಸೊಪ್ಪೊಂದೇ ಸಾಲದು. ತೀವ್ರ ರಕ್ತಹೀನತೆಯಿರುವ ತಾಯಿಗೆ ಹೆರಿಗೆಯಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ಪ್ರಾಣಕ್ಕೇ ಸಂಚಕಾರ. ಆಕೆಯನ್ನು ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಿಸಬೇಕಾಯಿತು. ಸುದೈವದಿಂದ ತಾಯಿ ಮಗು ಕ್ಷೇಮವಾಗಿ ಮನೆಗೆ ಮರಳಿದರು.

ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಅದರಿಂದ ತೊಂದರೆಯಿಲ್ಲ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಬಹುದು. ಗರ್ಭಿಣಿಯರು ಕನಿಷ್ಠ 180 ದಿನ, ಬಾಣಂತಿಯಾದ ಮೇಲೂ 180 ದಿನ ಮಾತ್ರೆ ಸೇವಿಸಬೇಕು. ಸೊಪ್ಪು ಇವುಗಳ ಜೊತೆಗಿರಲಿ. ಬಿ-12 ಜೀವಸತ್ವವಂತೂ ಯಾವ ಸೊಪ್ಪಿನಲ್ಲೂ ಇಲ್ಲ. ಸಸ್ಯಾಹಾರಿಗಳು ಅದಕ್ಕೆ ಹಾಲು, ಮೊಸರನ್ನು ಅವಲಂಬಿಸಬೇಕು, ಕೊರತೆ ಕಂಡುಬಂದರೆ ಔಷಧಿ ಪಡೆಯಬೇಕು.

ಅತಿಯಾದರೆ ಅಮೃತವೂ ವಿಷ

ನಮ್ಮಲ್ಲಿ ‘ವಿಟಮಿನ್ ಸೊಪ್ಪು’ ಎಂದು ಹೆಸರಾದ ಚಕ್ರಮುನಿಯನ್ನು ಅನೇಕರು ಬೇಲಿಯಲ್ಲಿ ಬೆಳೆಸುತ್ತಾರೆ. ಬೇಯಿಸಿ ಪಲ್ಯಕ್ಕೆ ಮಿತವಾಗಿ ಬಳಸಿದರೆ ಅದು ಒಳ್ಳೆಯ ಸೊಪ್ಪೇ. ಆದರೆ 1994-95ರಲ್ಲಿ ತೈವಾನಿನಲ್ಲಿ ಮೈ ಇಳಿಸಲೆಂದು ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ ಹಲವರ ಶ್ವಾಸಕೋಶಗಳು ಮತ್ತೆ ಸರಿಹೋಗದಷ್ಟು ಹಾಳಾದವು. ಸೋರೆಕಾಯಿಯ ವಿಷಯದಲ್ಲೂ ಎಚ್ಚರ ಬೇಕು. ಕೆಲವೊಮ್ಮೆ ಮನೆಯ ಬಳ್ಳಿಯಲ್ಲೇ ಕಹಿ ಕಾಯಿ ಬಿಡುತ್ತದೆ. ಅದರ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳು ಸಂಭವಿಸಿವೆ. ಸೋರೆ, ಸೌತೆ ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಎಸೆದುಬಿಡಿ.

ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಸೇವಿಸುತ್ತಿರುವವರು ಸೊಪ್ಪಿನ ಪ್ರಮಾಣವನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ನಿಲ್ಲಿಸಲೂಬಾರದು. ಸೊಪ್ಪಿನ ‘ಕೆ’ ಜೀವಸತ್ವ ಮಾತ್ರೆಯ ಪರಿಣಾಮವನ್ನು ಏರುಪೇರು ಮಾಡುತ್ತದೆ. ಮೂತ್ರಪಿಂಡದ ಕಾಯಿಲೆಯಿರುವವರು, ಮೂತ್ರಕೋಶದಲ್ಲಿ ಪದೇಪದೇ ಕಲ್ಲಾಗುವವರು ಎಷ್ಟು ಸೊಪ್ಪು ತಿನ್ನಬಹುದೆಂದು ತಮ್ಮ ವೈದ್ಯರನ್ನೇ ಕೇಳಬೇಕು.

ತೋಟದಲ್ಲಿ ಎಚ್ಚರವಿರಲಿ

* ಬೇಸಿಗೆಯಲ್ಲಿ ಬೆಳಗ್ಗೆ ಎಂಟೂವರೆಯೊಳಗೆ ಅಥವಾ ಸಂಜೆ ಐದರ ನಂತರ ಕೆಲಸ ಮಾಡಿ. ರಕ್ತದೊತ್ತಡದ ಮಾತ್ರೆ ಸೇವಿಸುವ ಹಿರಿಯರು ಬಗ್ಗಿದವರು ಥಟ್ಟನೆ ಏಳಬಾರದು. ಮಂಡಿನೋವಿನವರು ಕುಕ್ಕರಗಾಲಿನಲ್ಲಿ ಕೂರುವ ಬದಲು ಸಣ್ಣ ಸ್ಟೂಲು ಬಳಸಿ.

* ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ಗುದ್ದಲಿಯೇ ತಾಗಲಿ, ಮುಳ್ಳೇ ಚುಚ್ಚಲಿ, ಗಾಯವನ್ನು ಸಾಬೂನು ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ. ದೊಡ್ಡವರು ಹತ್ತು ವರ್ಷಕ್ಕೊಮ್ಮೆ ಧನುರ್ವಾಯು ನಿರೋಧಕ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

* ಬರಿಗಾಲಿನಲ್ಲಿ ತೋಟಕ್ಕೆ ಇಳಿಯಬೇಡಿ. ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ಒಳನುಸುಳಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. ರಕ್ತ ಹೆಚ್ಚಲೆಂದು ಸೊಪ್ಪು ಬೆಳೆಯಲು ಹೋಗಿ ಇದ್ದ ರಕ್ತವನ್ನೂ ಕಳೆದುಕೊಂಡಂತಾಗುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಜಂತುನಾಶಕ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ.

* ಗಿಡಕ್ಕೆಂದು ತುಂಬಿಟ್ಟ ಡ್ರಮ್ಮು, ಕುಂಡದ ಕೆಳಗಿನ ತಟ್ಟೆ ಇವು ಡೆಂಗ್ಯೂ ಹರಡುವ ಸೊಳ್ಳೆಯ ತವರು. ಮೊಟ್ಟೆಯು ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದು ಮಾಡಿ ಉಜ್ಜಿ ಒಣಗಿಸಿರಿ.

* ಕೀಟಗಳಿಗೆ ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕಲಸಿ ಸಿಂಪಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಅದನ್ನು ಕೂಡ ಮಕ್ಕಳ ಕೈಗೆ ಸಿಗದಂತೆ ಇಡಿ. ಎಳೆಯ ಮಕ್ಕಳ ಹೊಟ್ಟೆಗೆ ಹೋದರೆ ಮಿದುಳಿಗೆ ಅಪಾಯ. ಯಾವುದೇ ಔಷಧವನ್ನು ತಂಪು ಪಾನೀಯದ ಖಾಲಿ ಸೀಸೆಯಲ್ಲಿ ಎಂದಿಗೂ ಇಡಬೇಡಿ.

* ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದನ್ನೂ ಮಾಡಬೇಡಿ. ಕಚ್ಚಿದ ಭಾಗವನ್ನು ಅಲುಗಾಡಿಸದೆ, 108ಕ್ಕೆ ಕರೆಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಹೋಗಿ.

ದಿನಕ್ಕೆ 400 ಗ್ರಾಂ ಹಣ್ಣು ತರಕಾರಿಯನ್ನಾದರೂ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಮಡಿಯಿಂದ ಅಷ್ಟೂ ದೊರೆಯುವುದಿಲ್ಲ. ಆದರೆ ಬಾಗಿಲು ತೆರೆದರೆ ಸೊಪ್ಪು ಕಾಣುವ ಮನೆಯಲ್ಲಿ ಸೊಪ್ಪಿನ ಅಡಿಗೆ ತಪ್ಪುವುದು ಅಪರೂಪ. ಮಕ್ಕಳೂ ತಾವೇ ನೀರುಣಿಸಿದ ಗಿಡದ ಪಲ್ಯವನ್ನು ತಕರಾರಿಲ್ಲದೆ ತಿನ್ನುತ್ತಾರೆ. ಈ ವಾರ ಒಂದು ಪೊಟ್ಟಣ ಹರಿವೆ ಬೀಜ ತಂದು ಬಿತ್ತಿರಿ. ಅದೇ ವಾರ ಮನೆಯ ಹೆಂಗಸರ ಮತ್ತು ಮಕ್ಕಳ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿರಿ. ಕಡಿಮೆ ಇದ್ದರೆ ವೈದ್ಯರ ಸಲಹೆಯಂತೆ ಮಾತ್ರೆ ಶುರುವಾಗಲಿ. ಮುಂದಿನ ತಿಂಗಳ ಪರೀಕ್ಷೆಯ ವೇಳೆಗೆ ಹಿತ್ತಲ ಮೊದಲ ಸೊಪ್ಪೂ ತಟ್ಟೆಗೆ ಬಂದಿರುತ್ತದೆ.