ಮಾಂಸದಂಗಡಿಯಿಂದ ತಟ್ಟೆಯವರೆಗೆ

ಕೇಶವ ದೇವಾಲಯದಿಂದ ಹೆಸರಾದ ಸೋಮನಾಥಪುರವೂ, ಮಾಂಸದ ಕುರಿಯ ತಳಿಗೆ ತನ್ನ ಹೆಸರನ್ನೇ ಕೊಟ್ಟ ಬನ್ನೂರೂ ತಿ. ನರಸೀಪುರ ತಾಲ್ಲೂಕಿನ ಊರುಗಳು. ಈ ಸೀಮೆಯ ಮಾಂಸಾಹಾರಿ ಕುಟುಂಬಗಳಲ್ಲಿ ಭಾನುವಾರವೋ ಯುಗಾದಿಯ ಮರುದಿನದ ಹೊಸತೊಡಕಿಗೋ ಪರಿಚಿತರ ಅಂಗಡಿಯಿಂದ ಮಾಂಸ ತರುವುದು ವಾಡಿಕೆ. ಆ ಮಾಂಸ ಮನೆಯಲ್ಲಿ ಯಾರಿಗೆ ಸಲ್ಲುತ್ತದೆ ಎಂಬುದೇ ಈ ಪಾಠದ ವಿಷಯ.

ತಪಾಸಣೆಗೆ ಬರುವ ಗರ್ಭಿಣಿಯರನ್ನು, "ಈ ವಾರ ಮಾಂಸ ಉಂಡಿರಾ ಅಮ್ಮ?" ಎಂದು ನಾವು ಕೇಳುತ್ತೇವೆ. "ನಾನೇ ಮಾಡ್ದೆ ಡಾಕ್ಟ್ರೇ, ಸಾರ್ನಲ್ಲಿ ಮುದ್ದೆ ಉಂಡೆ" ಎಂಬ ಉತ್ತರ ಬರುವುದುಂಟು. ತುಂಡುಗಳೆಲ್ಲ ಗಂಡಸರ ತಟ್ಟೆಗೆ ಹೋಗಿರುತ್ತವೆ; ಕೊನೆಗೆ ಉಣ್ಣುವವಳಿಗೆ ಸಾರು ಮಾತ್ರ ಉಳಿದಿರುತ್ತದೆ.

ಮಾಂಸ ಏಕೆ ಬೇಕು?

ಮಾಂಸದಲ್ಲಿ ಸಸಾರಜನಕವೂ ಕಬ್ಬಿಣಾಂಶವೂ ಇವೆ. ಸೊಪ್ಪು, ರಾಗಿಗಳ ಕಬ್ಬಿಣಾಂಶಕ್ಕಿಂತ ಮಾಂಸದ ಕಬ್ಬಿಣಾಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳುತ್ತದೆ. ಗರ್ಭಿಣಿಯ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. ಅಂಥ ತಾಯಿಗೆ ಹೆರಿಗೆಯ ರಕ್ತಸ್ರಾವವನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮಗುವು ಕಡಿಮೆ ತೂಕದ್ದಾಗಿ ಹುಟ್ಟಬಹುದು.

ಅಂಗಡಿಯಲ್ಲಿ ಗಮನಿಸಬೇಕಾದವು

1. ಕುರಿಯನ್ನು ಎಲ್ಲಿಂದ ತಂದರು, ಅದು ಆರೋಗ್ಯವಾಗಿತ್ತೇ ಎಂದು ಕೇಳಿರಿ. ತಂದೆ ಮಕ್ಕಳು ಸೇರಿ ನಡೆಸುವ ಅಂಗಡಿಯಲ್ಲಿ ಕುರಿಯನ್ನು ಆರಿಸಿ ತಂದವರೇ ಎದುರಿಗಿರುತ್ತಾರೆ. ಕೇಳಲು ಸಂಕೋಚ ಬೇಡ.

2. ತಾನಾಗಿ ಸತ್ತ ಅಥವಾ ಕಾಯಿಲೆ ಬಿದ್ದ ಪ್ರಾಣಿಯ ಮಾಂಸವನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ನೆರಡಿ ರೋಗವು ಅಂಥ ಪ್ರಾಣಿಯನ್ನು ಸುಲಿಯುವವರಿಗೂ ತಿನ್ನುವವರಿಗೂ ತಗಲಬಹುದು.

3. ತಾಜಾ ಮಾಂಸವು ಕೆಂಪಾಗಿದ್ದು, ಬೆರಳಿನಿಂದ ಒತ್ತಿದರೆ ಮತ್ತೆ ಮೇಲೇಳುತ್ತದೆ. ಲೋಳೆಯಾಗಿ ಅಂಟುವ, ದುರ್ವಾಸನೆಯ ಮಾಂಸ ಬೇಡ. ನೊಣ ಮುತ್ತದಂತೆ ಮುಚ್ಚಿರುವ, ಕೊರಡು ಕತ್ತಿಗಳನ್ನು ತೊಳೆದಿರುವ ಅಂಗಡಿಯೇ ಲೇಸು.

4. ಕಡಿಮೆ ಹಣವಿದ್ದರೆ ಕಾಲು ಕಿಲೋ ಕೊಂಡರೂ ಸಾಕು. ಹಬ್ಬಕ್ಕೆಂದು ಸಾಲ ಬರೆಸಿ ಹೆಚ್ಚು ತರುವುದಕ್ಕಿಂತ ಆಗಾಗ ಸ್ವಲ್ಪ ತರುವುದು ಮೇಲು. ಚಿಕ್ಕ ಮಗುವಿದ್ದರೆ ಸ್ವಲ್ಪ ಕೈಮ ಮಾಡಿಸಿಕೊಳ್ಳಿರಿ.

ಮನೆಗೆ ತಂದ ಮೇಲೆ

ಮಾಂಸವನ್ನು ತಡಮಾಡದೆ, ಒಳಗೆ ಕೆಂಪು ಉಳಿಯದಂತೆ ಬೇಯಿಸಿರಿ. ಹಸಿ ಮಾಂಸ ಮುಟ್ಟಿದ ಕೈ, ಕತ್ತಿ, ಮಣೆಗಳನ್ನು ಸಾಬೂನಿನಿಂದ ತೊಳೆದೇ ಬೇರೆ ತರಕಾರಿ ಮುಟ್ಟಿರಿ.

ಸಮಪಾಲಿನ ನ್ಯಾಯ

ನಮ್ಮ ಹಳ್ಳಿಗಳಲ್ಲಿ ಕೆಲವರು ಕೂಡಿ ಕುರಿ ಕೊಯ್ದು ಗುಡ್ಡೆ ಹಾಕುವ ಪದ್ಧತಿ ಇದೆ. ಪ್ರತಿ ಗುಡ್ಡೆಗೂ ಎಲ್ಲ ಭಾಗದ ಮಾಂಸ ಬೀಳುವಂತೆ ಹಂಚುತ್ತಾರೆ; ಒಂದು ತುಂಡು ಕಡಿಮೆಯಾದರೂ ಆಕ್ಷೇಪಿಸುತ್ತಾರೆ. ಮನೆಮನೆಗೆ ಸಲ್ಲುವ ಈ ನ್ಯಾಯವು ಮನೆಯೊಳಗಿನ ತಟ್ಟೆಗಳಿಗೂ ಸಲ್ಲಬೇಡವೇ? ಪಾತ್ರೆ ಇಳಿಸಿದೊಡನೆ ಗರ್ಭಿಣಿ, ಬಾಣಂತಿ ಮತ್ತು ಮಕ್ಕಳ ಪಾಲನ್ನು ಮೊದಲು ತೆಗೆದಿಡಿರಿ. ಈ ಮಾತನ್ನು ಪತಿಯೇ ಮನೆಯಲ್ಲಿ ಆಡಿದರೆ ಅತ್ತೆಯ ಮುಂದೆ ಸೊಸೆಗೆ ಸಂಕೋಚವಿರುವುದಿಲ್ಲ. ಆರು ತಿಂಗಳು ತುಂಬಿದ ಮಗುವಿಗೂ ಚೆನ್ನಾಗಿ ಬೆಂದ ಕೈಮವನ್ನು ನುಣ್ಣಗೆ ಅರೆದು ಉಣಿಸಬಹುದು.

ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, 'ಎ' ಜೀವಸತ್ವವು ಅತಿಯಾಗಿರುವುದರಿಂದ ಗರ್ಭಿಣಿಯರು ಅದನ್ನು ಬಿಟ್ಟು ಮಾಂಸದ ತುಂಡನ್ನೇ ತಿನ್ನುವುದು ಕ್ಷೇಮ.

ಮಾಂಸವು ಕಬ್ಬಿಣಾಂಶದ ಮಾತ್ರೆಗೆ ಬದಲಿಯಲ್ಲ. ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ದಿನಕ್ಕೊಂದು ಮಾತ್ರೆಯನ್ನು ತಪ್ಪದೆ ನುಂಗಬೇಕು. ಮಾಂಸ ತಿನ್ನದವರು ಬೇಳೆಕಾಳು, ಸೊಪ್ಪುಗಳನ್ನು ನಿಂಬೆರಸದೊಡನೆ ಉಣ್ಣಲಿ. ಊಟದೊಡನೆ ಚಹಾ ಬೇಡ.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ಕಳೆದ ಬಾರಿ ಮಾಂಸ ಮಾಡಿದಾಗ ಕೊನೆಗೆ ಉಂಡವರು ಯಾರು?
2. ಅವರ ತಟ್ಟೆಯಲ್ಲಿ ಎಷ್ಟು ತುಂಡುಗಳಿದ್ದವು?
3. ಮುಂದಿನ ಭಾನುವಾರ ಅವರ ಪಾಲನ್ನು ಮೊದಲು ತೆಗೆದಿಡುವವರು ಯಾರು?