ಮನೆಯ ಸಜ್ಜಿಕೆಯೂ ಒಂದು ಅಮಾನತು

ಗೋಡೆ ಎದ್ದು ಮಾಡು ಕೂತ ಮಾತ್ರಕ್ಕೆ ಮನೆ ಕಟ್ಟುವ ಕೆಲಸ ಮುಗಿಯುವುದಿಲ್ಲ. ನೆಲಕ್ಕೆ ಏನು ಹಾಕಬೇಕು, ಅಡುಗೆಮನೆಯ ಕಪಾಟು ಯಾವುದರಿಂದ ಮಾಡಿಸಬೇಕು, ಸೋಫಾ ಎಂಥದ್ದಿರಬೇಕು ಎಂಬ ಚರ್ಚೆ ಆ ಮೇಲೆ ಶುರುವಾಗುತ್ತದೆ. ನಮ್ಮ ಎಷ್ಟೋ ಕುಟುಂಬಗಳಲ್ಲಿ ಈ ಖರ್ಚನ್ನು ಹೊರುವವನು ಗಲ್ಫಿನಲ್ಲಿ ದುಡಿಯುವ ಮಗ ಅಥವಾ ಪತಿ. ಊರಿಗೆ ಮರಳುವ ದಿನವನ್ನು ಎರಡು ವರ್ಷ ಮುಂದೂಡಿ ಅವನು ಕಳುಹಿಸಿದ ಹಣದಿಂದ ಹೊಳೆಯುವ ಕಪಾಟುಗಳು ಬರುತ್ತವೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅವುಗಳ ಅಂಚು ಉಬ್ಬಿ, ಬಾಗಿಲು ಮುಚ್ಚದಂತಾಗುತ್ತದೆ. ಪ್ರಿಯ ಓದುಗರೇ, ಅಲ್ಲಿ ಹಾಳಾದದ್ದು ಹಲಗೆ ಮಾತ್ರವೇ? ಒಬ್ಬ ತಂದೆ ತನ್ನ ಮಕ್ಕಳಿಂದ ದೂರವಿದ್ದು ಕಳೆದ ಎರಡು ವರ್ಷಗಳೂ ಅಲ್ಲವೇ?

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೆಯ ಸೂಕ್ತವು, ಮನೆಯನ್ನು ನೆಮ್ಮದಿಯ ತಾಣವನ್ನಾಗಿ ಮಾಡಿದ್ದು ಅಲ್ಲಾಹನ ಅನುಗ್ರಹವೆಂದು ನೆನಪಿಸುತ್ತದೆ. ಜಾನುವಾರುಗಳ ಉಣ್ಣೆ, ತುಪ್ಪಳ, ಕೂದಲುಗಳಿಂದ ಸಿಗುವ ಮನೆಸಾಮಾನಿನ ಪ್ರಸ್ತಾಪವೂ ಅಲ್ಲಿದೆ. ಅವುಗಳ ಪ್ರಯೋಜನ ಒಂದು ಅವಧಿಯ ತನಕ ಎಂಬ ಎಚ್ಚರಿಕೆಯೂ ಇದೆ. ಈ ಒಂದೇ ಸೂಕ್ತದಿಂದ ನಾವು ಮೂರು ಪ್ರಶ್ನೆಗಳನ್ನು ಕಲಿಯಬಹುದು. ಈ ವಸ್ತು ಮನೆಯವರಿಗೆ ನೆಮ್ಮದಿ ಕೊಡುವುದೇ? ಇದು ಎಲ್ಲಿಂದ ಬಂತು? ಇದರ ಅವಧಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ? ಅಂಗಡಿಗೆ ಹೋಗುವ ಮುನ್ನ ಈ ಮೂರನ್ನು ಮನೆಯವರೆಲ್ಲ ಕೂತು ಮಾತನಾಡಿಕೊಂಡರೆ ಅರ್ಧ ದುಂದುವೆಚ್ಚ ಅಲ್ಲಿಗೇ ನಿಲ್ಲುತ್ತದೆ.

ನೆಮ್ಮದಿ ಕೊಡುವುದೇ?

ಅಗ್ಗದ ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಪುಡಿಯನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ಈ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುತ್ತದೆ. ಹೊಸ ಕಪಾಟು ತೆರೆದಾಗ ಕಣ್ಣು ಉರಿಯಲು ಹೆಚ್ಚಾಗಿ ಇದೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಸೆಕೆ ಮತ್ತು ತೇವ ಹೆಚ್ಚಿದಷ್ಟೂ ಇದು ಗಾಳಿಗೆ ಸೇರುವುದೂ ಹೆಚ್ಚು. ನಮ್ಮ ಕರಾವಳಿಯಲ್ಲಿ ಎರಡಕ್ಕೂ ಕೊರತೆಯಿಲ್ಲ! ಆದುದರಿಂದ ಪ್ಲೈವುಡ್ ಅಥವಾ ಬೋರ್ಡ್ ಕೊಳ್ಳಲೇಬೇಕಾದರೆ ಅದು ಇ-0 ಅಥವಾ ಇ-1 ದರ್ಜೆಯದ್ದೇ ಎಂದು ಕೇಳಿ ನೋಡಿ ಕೊಳ್ಳಿರಿ. ಕತ್ತರಿಸಿದ ಅಂಚುಗಳನ್ನು ಮುಚ್ಚಿಸಿರಿ. ಹೊಸ ಸಾಮಾನು ಬಂದ ಮೊದಲ ಕೆಲವು ವಾರ ಕಿಟಿಕಿಗಳನ್ನು ತೆರೆದಿಡಿರಿ. ಎಳೆಯ ಮಗುವನ್ನು ಆ ಕೋಣೆಯಲ್ಲಿ ಮಲಗಿಸಬೇಡಿರಿ.

ಬಣ್ಣದ ವಿಷಯವೂ ಹಾಗೆಯೇ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಆದರೆ ಅದಕ್ಕೂ ಹಿಂದಿನ ಬಣ್ಣ ಹಳೆಯ ಬಾಗಿಲು, ಕಿಟಿಕಿಗಳ ಮೇಲೆ ಈಗಲೂ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿರಿ. ನೀರಿನಲ್ಲಿ ಒದ್ದೆ ಮಾಡಿ ಉಜ್ಜಿಸಿರಿ. ಆ ಹೊತ್ತಿನಲ್ಲಿ ಗರ್ಭಿಣಿಯರನ್ನೂ ಮಕ್ಕಳನ್ನೂ ದೂರವಿಡಿರಿ.

ಎಲ್ಲಿಂದ ಬಂತು?

ನಮ್ಮ ಹಿರಿಯರು ಮನೆ ಕಟ್ಟಲು ದೂರ ಹೋಗಲಿಲ್ಲ. ಕರಾವಳಿಯಲ್ಲಿ ಕಾಲಡಿಯ ಮುರಕಲ್ಲನ್ನೇ ಕಡಿದರು. ಕಡಿಯುವಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ನಂತರ ಸ್ಥಳೀಯ ಜೇಡಿಮಣ್ಣಿನ ಹಂಚು ಮನೆಮನೆಯ ಮಾಡನ್ನೇರಿತು. ಕಲಬುರಗಿಯ ಕಡೆ ಶಹಾಬಾದ್ ಕಲ್ಲು ನೆಲಕ್ಕೆ ಹಾಸಾಯಿತು. ತಿಕ್ಕಿ ನಯಗೊಳಿಸಿದ ರೆಡ್ ಆಕ್ಸೈಡ್ ನೆಲ ಅಜ್ಜಿಯ ಕಾಲದಿಂದ ಮೊಮ್ಮಗಳ ಕಾಲದ ವರೆಗೂ ತಂಪಾಗಿಯೇ ಉಳಿದ ಮನೆಗಳು ಇಂದಿಗೂ ಇವೆ. ಇಂತಹ ನೆಲ ಮಾಡಬಲ್ಲ ಮೇಸ್ತ್ರಿ ನಿಮ್ಮೂರಿನಲ್ಲಿದ್ದರೆ ಮೊದಲು ಅವರನ್ನು ಕೇಳಿರಿ.

ಮರ ಬೇಕಾದರೆ ಹಲಸು ಇದೆ. ಹಾಲು ಬತ್ತಿದ ಮೇಲೆ ಹೇಗೂ ಕಡಿಯಲೇಬೇಕಾದ ರಬ್ಬರ್ ಮರವನ್ನು ಹುಳ ಹಿಡಿಯದಂತೆ ಸಂಸ್ಕರಿಸಿದರೆ ಒಳ್ಳೆಯ ಪೀಠೋಪಕರಣವಾಗುತ್ತದೆ. ಎಲ್ಲಕ್ಕಿಂತ ಉತ್ತಮ, ಹಳೆ ಮನೆ ಕೆಡವಿದಾಗ ಸಿಗುವ ಸಾಗುವಾನಿಯ ಬಾಗಿಲು, ತೊಲೆಗಳು. ಅದಕ್ಕಾಗಿ ಹೊಸ ಮರ ಉರುಳಬೇಕಾಗಿಲ್ಲ.

ಹಾಸುವ ವಸ್ತುಗಳಲ್ಲಿ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನವನ್ನು ನೋಡಿರಿ. ಹತ್ತಿಯ ನೂಲಿನ ಈ ಜಮಖಾನಗಳನ್ನು ತಲೆಮಾರುಗಳಿಂದ ನೇಯುತ್ತಾ ಬಂದವರು ನಮ್ಮ ಮುಸ್ಲಿಮ್ ಸಹೋದರಿಯರೇ. ಇಂದು ಮಗ್ಗದ ಮುಂದೆ ಕೂರುವವರು ಕೆಲವರೇ ಉಳಿದಿದ್ದಾರೆ. ಯಂತ್ರದಿಂದ ಬಂದ ಪ್ಲಾಸ್ಟಿಕ್ ನೂಲಿನ ಕಾರ್ಪೆಟ್ಟಿಗೆ ಕೊಡುವ ಹಣ ಇಂತಹ ಒಬ್ಬ ಸಹೋದರಿಯ ಮನೆಗೆ ಸೇರಿದರೆ, ಮನೆಯ ಸಜ್ಜಿಕೆಯೇ ಒಂದು ಒಳ್ಳೆಯ ಕಾರ್ಯವಾಗುವುದು. ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ, ತೆಂಗಿನ ನಾರಿನ ಹಾಸಿಗೆ, ಓಲೆಯ ಚಾಪೆಗಳ ಮಾತೂ ಇದೇ.

ಎಲ್ಲಿಗೆ ಹೋಗುತ್ತದೆ?

ಹಲಸಿನ ಮಂಚ ಮುರಿದರೆ ಬಡಗಿ ಸರಿಪಡಿಸುತ್ತಾನೆ. ಓಲೆಯ ಚಾಪೆ ಹರಿದರೆ ತೆಂಗಿನ ಬುಡಕ್ಕೆ ಗೊಬ್ಬರ. ಆದರೆ ಉಬ್ಬಿದ ಪಾರ್ಟಿಕಲ್ ಬೋರ್ಡನ್ನಾಗಲಿ, ಸವೆದ ಪ್ಲಾಸ್ಟಿಕ್ ಕಾರ್ಪೆಟನ್ನಾಗಲಿ ಏನು ಮಾಡುವಿರಿ? ಸುಟ್ಟರೆ ವಿಷದ ಹೊಗೆ. ತೋಡಿಗೆ ಎಸೆದರೆ ನೆರೆಯವನ ಗದ್ದೆಗೆ ಹೊರೆ. ನೆರೆಯವನ ಹಕ್ಕಿನ ಬಗ್ಗೆ ಇಸ್ಲಾಮ್ ಎಷ್ಟು ಒತ್ತಿ ಹೇಳಿದೆ ಎಂಬುದು ನಮಗೆ ಗೊತ್ತೇ ಇದೆ.

ಹಝ್ರತ್ ಆಯಿಶಾರವರು(ರ) ಒಮ್ಮೆ ಚಿತ್ರಗಳಿದ್ದ ಪರದೆಯೊಂದನ್ನು ತೂಗುಹಾಕಿದ್ದರು. ಪ್ರವಾದಿವರ್ಯರಿಗೆ(ಸ) ಅದು ಹಿಡಿಸಲಿಲ್ಲ. ಆಯಿಶಾರವರು(ರ) ಅದನ್ನು ಎಸೆದುಬಿಡಲಿಲ್ಲ. ಕತ್ತರಿಸಿ ದಿಂಬುಗಳನ್ನು ಮಾಡಿದರು. ಹದೀಸ್ ಗ್ರಂಥಗಳಲ್ಲಿ ಬಂದಿರುವ ಈ ಪುಟ್ಟ ಘಟನೆಯಲ್ಲಿ ನಮ್ಮ ಗೃಹಿಣಿಯರಿಗೆ ದೊಡ್ಡ ಮಾದರಿಯಿದೆ. ಬೇಡವಾದುದನ್ನು ಹೊರಹಾಕುವ ಮುನ್ನ ಅದು ಬೇರೇನಾಗಬಲ್ಲದು ಎಂದು ಯೋಚಿಸಿರಿ. ಹಳೆಯ ಸೀರೆ ಕೌದಿಯಾಗಬಹುದು. ಚೆನ್ನಾಗಿರುವ ಹಳೆಯ ಮಂಚ, ಮಂಚವೇ ಇಲ್ಲದ ಮನೆಗೆ ಹೋಗಬಹುದು.

ಅಂದವೂ ಬೇಡವೇ?

ಅಂದ ನಿಷಿದ್ಧವಲ್ಲ. ಅಲ್ಲಾಹನು ಸೌಂದರ್ಯವನ್ನು ಮೆಚ್ಚುತ್ತಾನೆಂದು ಪ್ರವಾದಿವರ್ಯರೇ(ಸ) ಕಲಿಸಿದ್ದಾರೆ. ಆದರೆ ಅವರು ಮಲಗುತ್ತಿದ್ದುದು ಖರ್ಜೂರದ ನಾರು ತುಂಬಿದ ಚರ್ಮದ ಹಾಸಿಗೆಯ ಮೇಲೆ. ಪತಿಗೊಂದು, ಪತ್ನಿಗೊಂದು, ಅತಿಥಿಗೊಂದು ಹಾಸಿಗೆ ಸಾಕು, ನಾಲ್ಕನೆಯದು ಶೈತಾನನಿಗೆ ಎಂದೂ ಅವರು ಎಚ್ಚರಿಸಿದ್ದಾರೆ. ಇಲ್ಲಿ ಆಕ್ಷೇಪಿಸಿರುವುದು ಅಗತ್ಯವನ್ನಲ್ಲ, ಅಗತ್ಯ ಮೀರಿದ ಪ್ರದರ್ಶನವನ್ನು. ಬಡ್ಡಿಯ ಸಾಲ ತಂದು ಹೊಳಪಿಸಿದ ಹಾಲಿನಲ್ಲಿ ಅತಿಥಿ ಒಂದು ಗಂಟೆ ಕೂತು ಹೋಗುತ್ತಾನೆ. ಸಾಲದ ಕಂತು ಮಾತ್ರ ವರ್ಷಗಟ್ಟಲೆ ಮನೆಯಲ್ಲೇ ಕೂರುತ್ತದೆ. ಇನ್ನು ನೆಮ್ಮದಿ ಎಲ್ಲಿಂದ?

ಸಂಪತ್ತನ್ನು ಹೇಗೆ ಗಳಿಸಿದೆ, ಯಾವುದಕ್ಕೆ ವ್ಯಯಿಸಿದೆ ಎಂದು ನಾಳೆ ಪರಲೋಕದಲ್ಲಿ ನಮ್ಮನ್ನು ಕೇಳಲಾಗುವುದು. ದೂರದ ಮರುಭೂಮಿಯಲ್ಲಿ ಬೆವರು ಸುರಿಸಿದ ಆ ತಂದೆ ಮೊದಲನೆಯ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡಿದ್ದಾನೆ. ಎರಡನೆಯದಕ್ಕೆ ಉತ್ತರಿಸಬೇಕಾದವರಲ್ಲಿ ಊರಿನಲ್ಲಿ ಕಪಾಟು ಆರಿಸುತ್ತಿರುವ ನಾವೂ ಇದ್ದೇವೆ.