ಕಡಲ ತೀರದ ಮರಳಿನ ಲೆಕ್ಕ

ಕಾಸರಗೋಡಿನ ಕರಾವಳಿಯವರಾದ ನಮಗೆ ‘ಕಡಲ್ಕೊರೆತ’ವೆಂಬ ಪದ ಹೊಸತಲ್ಲ. ಆದರೆ ಮಳೆಗಾಲದಲ್ಲಿ ಕೊಚ್ಚಿಹೋಗುವ ಮರಳೆಲ್ಲವೂ ನಷ್ಟವಲ್ಲವೆಂದು ಭೂಗೋಳದ ತರಗತಿಯಲ್ಲಿ ನಾನು ಒತ್ತಿ ಹೇಳುತ್ತಿದ್ದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತವೆಬ್ಬಿಸುವ ಎತ್ತರದ ತೆರೆಗಳು ದಡದ ಮರಳನ್ನು ಸೆಳೆದೊಯ್ದು, ಅನತಿದೂರದಲ್ಲಿ ನೀರಿನಡಿಯ ದಿಬ್ಬವಾಗಿ ಒಟ್ಟುತ್ತವೆ. ಮುಂದಿನ ತೆರೆಗಳು ಆ ದಿಬ್ಬದ ಮೇಲೆಯೇ ಒಡೆದು ಬಲಗುಂದುವುದರಿಂದ ಅದು ದಡಕ್ಕೆ ಕಾವಲೂ ಆಗುತ್ತದೆ. ಮಳೆ ನಿಂತ ಬಳಿಕ ಶಾಂತವಾದ ಅಲೆಗಳು ಅದೇ ಮರಳನ್ನು ಮೆಲ್ಲನೆ ದಡಕ್ಕೆ ತಂದು ಹರಡುತ್ತವೆ.

ತೆರೆ ಎಲ್ಲಿಯವರೆಗೆ ತಲಪಬೇಕೆಂಬುದನ್ನು ನಿರ್ಧರಿಸುವುದರಲ್ಲಿ ದಿನಕ್ಕೆರಡು ಬಾರಿ ಬರುವ ಭರತ-ಇಳಿತಗಳಿಗೂ ಪಾಲಿದೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತಕ್ಕೆ ಬಿರುಗಾಳಿ ಕೂಡಿದರೆ ಕೊರೆತವು ತೆಂಗಿನ ಬುಡವನ್ನೇ ಮುಟ್ಟುತ್ತದೆ. ಓರೆಯಾಗಿ ಅಪ್ಪಳಿಸುವ ತೆರೆಗಳಿಂದ ದಡದುದ್ದಕ್ಕೂ ಪ್ರವಾಹವೊಂದು ಹುಟ್ಟಿ, ಮರಳನ್ನು ಊರಿಂದೂರಿಗೆ ಸಾಗಿಸುತ್ತದೆ. 17ನೆಯ ಶತಮಾನದಲ್ಲಿ ಕೆಳದಿಯ ನಾಯಕರು ಕಟ್ಟಿಸಿದ ಬೇಕಲಕೋಟೆಯ ಭೂಶಿರದಂತಹ ಕಡೆ ತೆರೆಗಳು ಬಾಗಿ ಒಟ್ಟುಗೂಡುತ್ತವೆ. ಪಕ್ಕದ ಬಾಗಿನಲ್ಲಿ ಅವುಗಳ ಬಲ ಹಂಚಿಹೋಗಿ ಮರಳು ನಿಲ್ಲುತ್ತದೆ.

ಈ ಮರಳಿನ ದೊಡ್ಡ ಪಾಲನ್ನು ಹೊತ್ತು ತರುವವು ಚಂದ್ರಗಿರಿ, ಶಿರಿಯ ಮೊದಲಾದ ಹೊಳೆಗಳು. ಹೊಳೆಯ ಹೊಯ್ಗೆಯನ್ನು ಮಿತಿಮೀರಿ ತೆಗೆದರೆ ಕಡಲಿಗೆ ಸಲ್ಲಬೇಕಾದುದು ಕುಗ್ಗುತ್ತದೆ. ಕಲ್ಲಿನ ತಡೆಗೋಡೆ ತನ್ನ ಹಿಂದಿನ ಮನೆಯನ್ನು ಕಾಯಬಹುದು. ಆದರೆ ಅದರ ಮುಂದಿನ ಮರಳು ಕರಗುವುದೂ, ಗೋಡೆ ಮುಗಿದಲ್ಲಿ ನೆರೆಯವರ ದಡ ಕೊರೆಯುವುದೂ ಉಂಟು.

ಆದುದರಿಂದ ಹೊಳೆ, ಅಳಿವೆ, ತೀರಗಳನ್ನು ಒಂದಾಗಿಯೇ ಕಾಣಬೇಕು. ಕಡಲ ಬದಿಯಲ್ಲಿ ಮನೆ ಕಟ್ಟುವವರು ಬೇಸಿಗೆಯ ಅಗಲವಾದ ದಡವನ್ನು ನಂಬದೆ, ಆಟಿ ತಿಂಗಳ ತೆರೆ ಮುಟ್ಟುವ ಜಾಗವನ್ನು ಮೊದಲು ನೋಡಿಕೊಳ್ಳಲಿ ಎಂಬುದು ನನ್ನ ವಿನಂತಿ.